ಮುಗಿಯುವ ಮೊದಲೇ ಮುಗಿದ ಸಿಲಿಂಡರು

ಮೇಡಂ, ನಮ್ಮದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಘಟ್ಟದ ಅಂಚಿನ ಒಂದು ಸಣ್ಣ ಊರು. ಬಸ್ ನಿಲ್ಲುವ ಜಾಗದ ಎದುರಿಗೇ ಹೋಟೆಲು, ಅದರ ಹಿಂದೆಯೇ ಮನೆ. ಇಪ್ಪತ್ತೊಂದು ವರ್ಷ ಯಜಮಾನರೇ ನಡೆಸಿದರು. ಕಳೆದ ಮಾರ್ಚಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ತೊದಲುತ್ತದೆ. ಯುಗಾದಿ ಕಳೆದ ಮೇಲೆ ನಾನು ಗಲ್ಲಾದಲ್ಲಿ ಕೂತೆ. ಮಳೆಗಾಲ ಹೇಗೋ ದಾಟಿತು. ಚಳಿ ಶುರುವಾದ ಮೇಲೆ ಒಂದು ದಿನವೂ ನೆಟ್ಟಗಿಲ್ಲ.

ಬೆಳಗಿನ ಜಾವ ಐದಕ್ಕೆ ಒಲೆ ಹಚ್ಚಿದರೆ ಅರ್ಧ ಗಂಟೆಗೆಲ್ಲ ಉರಿ ಸೋತುಹೋಗುತ್ತದೆ. ಮೊದಲ ಬಸ್ಸಿನವರಿಗೆ ಇಡ್ಲಿ ಬೆಂದಿರುವುದಿಲ್ಲ. ಐದು ದಿನ ಬರುತ್ತಿದ್ದ ಸಿಲಿಂಡರು ಮೂರೂವರೆ ದಿನಕ್ಕೆ ಮುಗಿಯುತ್ತಿದೆ. ಕಾರ್ತೀಕದಲ್ಲಿ ಒಂದು ದಿನ ತಲೆಕೆಟ್ಟು, ಒಲೆ ನೋಡಿಕೊಳ್ಳುವ ಹುಡುಗನನ್ನು ಎಲ್ಲರೆದುರು, ‘ಗ್ಯಾಸು ಮಾರಿಕೊಳ್ಳುತ್ತಿದ್ದೀಯಾ?’ ಎಂದು ಕೇಳಿಬಿಟ್ಟೆ. ಹಿಟ್ಟು ಉಬ್ಬುವುದಿಲ್ಲ. ಗ್ರೈಂಡರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಹಿಂದಿನ ಜಗಲಿಯಲ್ಲಿರುವ ಫ್ರಿಜ್ಜಿನಲ್ಲಿ ಐಸ್‌ಕ್ರೀಮು ನೀರಾಗಿತ್ತು, ಇಷ್ಟು ಚಳಿಯಲ್ಲಿ! ಮೈದುನ, ‘ಅತ್ತಿಗೆ, ಹೋಟೆಲು ಹೆಂಗಸರ ಕೈಲಾಗುವ ಕೆಲಸವಲ್ಲ, ಬಾಡಿಗೆಗೆ ಕೊಟ್ಟುಬಿಡಿ’ ಎನ್ನುತ್ತಾನೆ. ಯಜಮಾನರಿಗೆ ಏನೂ ಹೇಳಿಲ್ಲ, ಬಿ.ಪಿ. ಏರೀತು ಎಂದು ಭಯ. ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ. ಟಾರ್ಚ್ ಹಿಡಿದು ಹೋಗಿ ರೆಗ್ಯುಲೇಟರು ಮುಟ್ಟಿ ನೋಡಿ ಬರುತ್ತೇನೆ. ಮೂರಕ್ಕೆ ಮತ್ತೆ. ಯಜಮಾನರಿಲ್ಲ ಎಂದು ಯಂತ್ರಗಳಿಗೂ ಗೊತ್ತಾಗಿದೆಯೇನೋ. ಈಗೀಗ ಹುಡುಗ ಸಿಲಿಂಡರಿನ ಬುಡಕ್ಕೆ ಕೆಂಡದ ಬಾಣಲೆ ಇಡುತ್ತಾನೆ, ಆಗ ಉರಿ ಬರುತ್ತದೆ, ನಾನು ನೋಡಿಯೂ ನೋಡದ ಹಾಗಿರುತ್ತೇನೆ. ಹೋಟೆಲು ಬಿಡಲೇ, ಇಟ್ಟುಕೊಳ್ಳಲೇ? ಹೆಸರು, ಊರು ಹಾಕಬೇಡಿ.

*

ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಮೇಲೆ ಅಚ್ಚಾಗಿರುವುದು ಅದರ ಕಾಲು ಭಾಗ. ಓದಿದ ದಿನವೇ ನಿಮಗೆ ಫೋನು ಮಾಡಿದ್ದೆ. ಕಾರಣ, ಕೊನೆಗೆ ಬಂದ ಆ ಕೆಂಡದ ಸಾಲು. ಅಂಕಣ ಅಚ್ಚಾಗುವವರೆಗೆ ಕಾಯುವ ಮಾತಾಗಿರಲಿಲ್ಲ ಅದು. ಅವತ್ತು ಫೋನಿನಲ್ಲಿ ಆಡಿದ್ದನ್ನೂ, ಆಡಲಾಗದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಬೆಳಗಿನ ಜಾವ ಒಲೆ ಮುಂದೆ ನಿಂತು ಕಣ್ಣೀರು ಒರೆಸಿಕೊಳ್ಳುವವರು ನೀವೊಬ್ಬರೇ ಅಲ್ಲವಾದ್ದರಿಂದ, ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ಮೊದಲಿಗೆ, ನಿಮಗೆ ಆಗಿರುವುದು ದಣಿವು. ಅದನ್ನು ನೀವು ‘ಕೈಲಾಗದಿರುವುದು’ ಎಂದು ಓದಿಕೊಂಡಿದ್ದೀರಿ. ನಾಲ್ಕಕ್ಕೆ ಎದ್ದು, ಮನೆಯಲ್ಲೊಬ್ಬರನ್ನು ಎತ್ತಿ ಕೂರಿಸಿ, ಬಾಯಿ ತೊಳೆಸಿ, ಮಾತ್ರೆ ಕೊಟ್ಟು, ನಾಲ್ಕೂವರೆಗೆ ಹೋಟೆಲಿನ ಬೀಗ ತೆಗೆಯುತ್ತೀರಿ. ರಾತ್ರಿ ಒಂಬತ್ತಕ್ಕೆ ಮತ್ತೆ ಅದೇ ಬೀಗ. ನಡುವೆ ಎರಡಕ್ಕೆ, ಮೂರಕ್ಕೆ ಎಚ್ಚರ. ಎಂಟು ತಿಂಗಳು ಹೀಗೆ ಕಳೆದವರ ಮುಂದೆ ಒಲೆಯ ಉರಿ ಸಣ್ಣಗಾದರೆ ಅವರಿಗೆ ಅದು ಬರೀ ಉರಿಯಾಗಿ ಕಾಣಿಸುವುದಿಲ್ಲ. ಇಡೀ ಸಂಸಾರವೇ ಸಣ್ಣಗಾದಂತೆ ಕಾಣಿಸುತ್ತದೆ. ಅಳು ಬಂದರೆ, ಯಾರ ಮೇಲೋ ರೇಗಿದರೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ.

‘ಯಂತ್ರಗಳಿಗೂ ಗೊತ್ತಾಗಿದೆಯೇನೋ’ ಎಂಬ ಮಾತಿನ ಹತ್ತಿರ ನಾನು ಸ್ವಲ್ಪ ಹೊತ್ತು ನಿಂತೆ. ನನ್ನ ಸೋದರಮಾವನದೂ ಹೋಟೆಲು, ಸೌದೆ ಒಲೆಯ ಕಾಲದ್ದು. ದೀಪಾವಳಿ ಕಳೆದದ್ದೇ ಅತ್ತೆ ಸೌದೆಯನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಹೊಗೆ, ಶಾಖಕ್ಕೆ ಅದು ಅಲ್ಲೇ ಒಣಗುತ್ತಿತ್ತು. ಅವರು ಇದನ್ನು ಯಾರಿಗೂ ಹೇಳಿಕೊಟ್ಟವರಲ್ಲ, ಹೇಳಿಕೊಡಬೇಕಾದ ವಿದ್ಯೆ ಎಂದು ಅವರಿಗೂ ಅನ್ನಿಸಿರಲಿಲ್ಲ. ಅವರು ಬಾಣಂತನಕ್ಕೆ ತವರಿಗೆ ಹೋದ ವರ್ಷ ಮಾವ ಇಬ್ಬನಿ ಕುಡಿದ ಸೌದೆಯನ್ನು ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡು, ಸೌದೆ ಹಾಕುವವನು ಮೋಸ ಮಾಡಿದ ಎಂದು ಅವನ ಮನೆ ಬಾಗಿಲಿಗೇ ಜಗಳಕ್ಕೆ ಹೋಗಿದ್ದರು. ಸೌದೆಯವನು ಎಂದಿನ ಸೌದೆಯನ್ನೇ ಹಾಕಿದ್ದ.

ಪ್ರತಿ ಅಡುಗೆಮನೆಗೂ ಚಳಿಗಾಲದ ಒಂದು ಗುಟ್ಟಿನ ವಿದ್ಯೆ ಇರುತ್ತದೆ. ಅದು ಪುಸ್ತಕದಲ್ಲಿರುವುದಿಲ್ಲ, ಯಾರದೋ ಕೈಯಲ್ಲಿರುತ್ತದೆ. ನಿಮ್ಮ ಹೋಟೆಲಿನಲ್ಲಿ ಅದು ನಿಮ್ಮ ಯಜಮಾನರ ಕೈಯಲ್ಲಿತ್ತು. ಇದು ನಿಮ್ಮ ಮೊದಲ ಚಳಿಗಾಲ, ಅಷ್ಟೇ.

ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುವುದನ್ನು ದಿನಾ ನೋಡುತ್ತೀರಿ. 24 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಹೆಪ್ಪುಗಟ್ಟುತ್ತದೆ. ಆಗ ಎಣ್ಣೆ ಕೆಟ್ಟಿತು ಎನ್ನುವುದಿಲ್ಲ, ಎಣ್ಣೆ ಹಚ್ಚಿಕೊಳ್ಳುವವರ ಹಣೆಬರಹ ಕೆಟ್ಟಿತು ಎಂದಂತೂ ಯಾರೂ ಎನ್ನುವುದಿಲ್ಲ. ನಿಮ್ಮ ಸಿಲಿಂಡರಿಗೆ ಆಗಿರುವುದು ಹೆಚ್ಚುಕಡಿಮೆ ಅದೇ.

ಯಂತ್ರದ ವಿಷಯದಲ್ಲಿ ನಾನು ದಡ್ಡಿ. ಹೋಟೆಲುಗಳಿಗೆ ಗ್ಯಾಸಿನ ಪೈಪು ಎಳೆಯುವ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಪತ್ರದ ಆ ಭಾಗವನ್ನಷ್ಟೇ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ, ‘ಸಿಲಿಂಡರು ಮುಗಿದಿಲ್ಲ ಮೇಡಂ, ಅದಕ್ಕೆ ಚಳಿ ಹಿಡಿದಿದೆ’ ಎಂದರು.

ಅವರು ಹೇಳಿದ್ದು ಹೀಗೆ. ಸಿಲಿಂಡರಿನೊಳಗೆ ಇರುವುದು ದ್ರವ. ಒಲೆಗೆ ಬರುವುದು ಅದರ ಆವಿ. ದ್ರವ ಆವಿಯಾಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಅದು ಉಕ್ಕಿನ ಮೈಯಿಂದ ಎಳೆದುಕೊಳ್ಳುತ್ತದೆ, ಉಕ್ಕು ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ಲೆಕ್ಕದಲ್ಲಿ. ಮನೆಯ ಒಲೆ ನಿಧಾನಕ್ಕೆ ಕುಡಿಯುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೋಟೆಲಿನ ಹೈ ಪ್ರೆಶರ್ ಒಲೆ ಗಟಗಟನೆ ಕುಡಿಯುತ್ತದೆ. ಸುತ್ತಲಿನ ಗಾಳಿಯೇ 10–12 ಡಿಗ್ರಿ ಇರುವಾಗ ಅಷ್ಟು ಬೇಗ ಶಾಖ ಒದಗುವುದಿಲ್ಲ. ಒಳಗಿನ ದ್ರವ ಹೊರಗಿನ ಗಾಳಿಗಿಂತಲೂ ತಣ್ಣಗಾಗಿ ಆವಿ ಬರುವುದು ಕುಂಠಿತವಾಗುತ್ತದೆ. ಜೊತೆಗೆ ನಮ್ಮ ಎಲ್‌ಪಿಜಿಯಲ್ಲಿ ಮುಖ್ಯವಾಗಿ ಎರಡು ಅನಿಲ ಬೆರೆತಿರುತ್ತವೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿದ್ದರೂ ಕುದಿಯುತ್ತದೆ. ಬ್ಯೂಟೇನ್ ಸೊನ್ನೆಯ ಹತ್ತಿರ ಬಂದರೆ ಮುದುರಿ ಕೂರುತ್ತದೆ. ಚುರುಕಾದ ಪ್ರೊಪೇನ್ ಮೊದಲು ಹೆಚ್ಚು ಖರ್ಚಾಗುವುದರಿಂದ, ಸಿಲಿಂಡರು ತಳ ಹಿಡಿಯುತ್ತಾ ಬಂದಂತೆ ಉಳಿಯುವುದು ಬಹುಪಾಲು ಈ ಸೋಮಾರಿ ಬ್ಯೂಟೇನ್. ದ್ರವ ಕಮ್ಮಿಯಾದಷ್ಟೂ ಅದಕ್ಕೆ ತಾಗಿದ ಉಕ್ಕಿನ ಮೈಯೂ ಕಮ್ಮಿ, ಬರುವ ಶಾಖವೂ ಕಮ್ಮಿ. ಹಾಗಾಗಿ ಒಳಗೆ ಇನ್ನೂ ಗ್ಯಾಸಿರುವಾಗಲೇ ಉರಿ ಸಾಯುತ್ತದೆ. ಮುಗಿಯಿತೆಂದು ನೀವು ವಾಪಸು ಕಳಿಸುತ್ತೀರಿ.

ಉರಿ ಸೋತಾಗ ಒಮ್ಮೆ ಸಿಲಿಂಡರಿನ ಮೈಗೆ ಅಂಗೈ ಇಟ್ಟು ನೋಡಿ. ಮೇಲ್ಭಾಗ ಒಣಗಿರುತ್ತದೆ. ಒಂದು ಮಟ್ಟದಿಂದ ಕೆಳಗೆ, ಬೆಳಗಿನ ಕಾಫಿ ಎಲೆಯ ಮೇಲೆ ಕೂತ ಇಬ್ಬನಿಯ ಹಾಗೆ ಸಣ್ಣ ಸಣ್ಣ ಹನಿ. ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಆ ಹನಿಯ ಗೆರೆ ಎಲ್ಲಿದೆಯೋ, ಗ್ಯಾಸು ಇನ್ನೂ ಅಲ್ಲಿಯವರೆಗಿದೆ ಎಂದರ್ಥ.

ಈಗ ಆ ಹುಡುಗನ ಮಾತಿಗೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಘಟನೆ ಬೇರೆಬೇರೆ ಪುಟದಲ್ಲಿವೆ. ಅವನನ್ನು ಎಲ್ಲರೆದುರು ಕೇಳಿದ್ದು ಎರಡನೇ ಪುಟದಲ್ಲಿ, ಕೆಂಡದ ಬಾಣಲೆ ನಾಲ್ಕನೆಯದರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀವೇ ಬರೆದಿರುವ ಪ್ರಕಾರ, ಅವನು ಕೆಂಡ ಇಡಲು ಶುರುಮಾಡಿದ್ದು ನೀವು ಕೇಳಿದ ಮೇಲಿನ ವಾರದಲ್ಲಿ. ಕಳ್ಳ ಎನ್ನಿಸಿಕೊಂಡ ಇಪ್ಪತ್ತೆರಡರ ಹುಡುಗ, ಸಿಲಿಂಡರು ಐದು ದಿನ ಬಂದರೆ ತನ್ನ ಮಾನ ಉಳಿಯುತ್ತದೆ ಎಂದುಕೊಂಡು ಕೈಗೆ ಸಿಕ್ಕ ಉಪಾಯ ಮಾಡಿದ್ದಾನೆ. ಅವನ ಮಟ್ಟಿಗೆ ಅದು ನಿಮ್ಮ ಪ್ರಶ್ನೆಗೆ ಕೊಟ್ಟ ಉತ್ತರ. ನೀವು ಸುಮ್ಮನಿದ್ದದ್ದು ಯಾಕೆಂದೂ ನನಗೆ ಅರ್ಥವಾಗುತ್ತದೆ. ಉರಿ ಬಂತು, ಇಡ್ಲಿ ಬೆಂದಿತು, ಬಸ್ಸಿನವರು ತಿಂದು ಹೋದರು. ಆದರೆ ಅದು ಸರಿಯಲ್ಲವೆಂದು ಒಳಗೆ ಗೊತ್ತಿದ್ದದ್ದರಿಂದಲೇ ಕೊನೆಗೆ ಅದನ್ನೂ ಬರೆದಿರಿ. ರಾತ್ರಿ ಎರಡಕ್ಕೆ ನಿಮ್ಮನ್ನು ಎಬ್ಬಿಸುತ್ತಿರುವುದು ಚಳಿಯಲ್ಲ, ಮೈದುನನ ಮಾತೂ ಅಲ್ಲ, ಈ ಬಾಣಲೆ ಎಂದು ನನ್ನ ಊಹೆ.

ಇಲ್ಲಿ ನಾನು ಮೆತ್ತಗೆ ಮಾತಾಡಲಾರೆ. ಸಿಲಿಂಡರಿನ ಹತ್ತಿರ ಕೆಂಡ ಬೇಡ. ಕುದಿನೀರು ಬೇಡ, ಹೀಟರು ಬೇಡ. ಉರಿ ಬರಲೆಂದು ಸಿಲಿಂಡರನ್ನು ಮಲಗಿಸುವುದು, ಅಲುಗಾಡಿಸುವುದು ಬೇಡ. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ನುಗ್ಗುತ್ತದೆ. ಬುಡಕ್ಕೆ ಬಿಸಿ ತಾಗಿದರೆ ಒಳಗಿನ ಒತ್ತಡ ಎಲ್ಲಿಗೆ ಏರುತ್ತದೆಂದು ಹೇಳಲು ನಮ್ಮ ಹತ್ತಿರ ಯಾವ ಅಳತೆಯೂ ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೇರಿ ಹೋಗದೆ ನೆಲ ಹಿಡಿದು ಹರಿಯುತ್ತದೆ. ಕೆಂಡ ಇರುವುದೂ ನೆಲದ ಮೇಲೆಯೇ. ಚಳಿಗೆ ಬಿರುಸಾದ ಹಳೆಯ ರಬ್ಬರು ಟ್ಯೂಬು ಒಂದು ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು.

ನೀವು ಬರೆಯದ ಇನ್ನೊಂದನ್ನು ಕೇಳುತ್ತೇನೆ. ಬಾಣಲೆಯ ಆ ಕೆಂಡ ರಾತ್ರಿ ಎಲ್ಲಿಗೆ ಹೋಗುತ್ತದೆ? ಹುಡುಗರು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ ಎಂದಿದ್ದೀರಿ. ಬಾಗಿಲು ಕಿಟಕಿ ಮುಚ್ಚಿ ಒಳಗೆ ಕೆಂಡ ಇಟ್ಟುಕೊಂಡರೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಅವರಿಗೆ ಇನ್ನೆರಡು ಕಂಬಳಿ ಕೊಡಿ. ಚಳಿಯೆಂದು ಅಡುಗೆಮನೆಯ ಕಿಟಕಿಯನ್ನೂ ಪೂರ್ತಿ ಮುಚ್ಚಬೇಡಿ. ಒಲೆಗೂ ಉಸಿರು ಬೇಕು.

ಕೆಂಡದ ಬದಲು ಏನು? ಒಂದೇ ಸಿಲಿಂಡರಿನಿಂದ ಗಟಗಟನೆ ಎಳೆಯುವ ಬದಲು ನಾಲ್ಕನ್ನು ಸಾಲಾಗಿ ಒಂದೇ ಪೈಪಿಗೆ ಕೂಡಿಸಿ ಎಳೆಯುವುದು. ಮ್ಯಾನಿಫೋಲ್ಡ್ ಎನ್ನುತ್ತಾರೆ. ಒಂದೊಂದರ ಮೇಲೆ ಕಾಲು ಪಾಲು ಭಾರ, ಹಾಗಾಗಿ ಯಾವುದೂ ಅಷ್ಟು ತಣ್ಣಗಾಗುವುದಿಲ್ಲ. ಸಿಲಿಂಡರುಗಳು ಅಡುಗೆಮನೆಯ ಹೊರಗೆ, ಗಾಳಿಯಾಡುವ, ನೆಲಮಟ್ಟಕ್ಕಿಂತ ತಗ್ಗಲ್ಲದ ಜಾಗದಲ್ಲಿ, ಸೂರಿನಡಿ ನೆಟ್ಟಗೆ ನಿಲ್ಲಬೇಕು. ಇದನ್ನು ಊರಿನ ಪ್ಲಂಬರಿನಿಂದ ಮಾಡಿಸಬೇಡಿ, ನಿಮಗೆ ಸಿಲಿಂಡರು ಕೊಡುವ ಏಜೆನ್ಸಿಗೇ ಅರ್ಜಿ ಕೊಡಿ. ಖರ್ಚಿದೆ, ಇಲ್ಲವೆನ್ನುವುದಿಲ್ಲ. ಆಗುವವರೆಗೆ ಎರಡು ದೊಡ್ಡ ಒಲೆಯನ್ನು ಒಟ್ಟಿಗೆ ಹಚ್ಚಬೇಡಿ, ಒಂದರ ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗಿ. ಗ್ಯಾಸಿನ ವಾಸನೆ ಬಂದರೆ ಲೈಟಿನ ಸ್ವಿಚ್ಚನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ. ಬೆಂಕಿ ನಂದಿಸಿ, ಕೈಗೆಟುಕಿದರೆ ರೆಗ್ಯುಲೇಟರು ಬಂದ್ ಮಾಡಿ, ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ಕಳಿಸಿ 1906ಕ್ಕೆ ಫೋನು ಮಾಡಿ. ಅದು ಗ್ಯಾಸ್ ಸೋರಿಕೆಯ ತುರ್ತು ನಂಬರು. ಗಲ್ಲಾದ ಎದುರಿನ ಗೋಡೆಯ ಮೇಲೆ ದಪ್ಪಗೆ ಬರೆಸಿ.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ, ಇದು ಎಲ್ಲಕ್ಕಿಂತ ಕಷ್ಟದ್ದು. ಅಂಗಡಿ ಸಾಮಾನು ತೂಗುವ ದೊಡ್ಡ ತಕ್ಕಡಿ ನಿಮ್ಮಲ್ಲಿದ್ದೇ ಇರುತ್ತದೆ. ಸಿಲಿಂಡರಿನ ಮೈಮೇಲೆ ಅದರ ಖಾಲಿ ತೂಕ ನಮೂದಾಗಿರುತ್ತದೆ. ‘ಮುಗಿದ’ ಸಿಲಿಂಡರನ್ನು ಆ ಹುಡುಗನ ಕೈಯಲ್ಲೇ ತಕ್ಕಡಿಗೆ ಏರಿಸಿ, ಭಟ್ಟರು, ಸಪ್ಲೈಯರುಗಳು ಎಲ್ಲರೂ ಇರುವಾಗ. ಖಾಲಿ ತೂಕಕ್ಕಿಂತ ಎರಡೋ ಮೂರೋ ಕೆ.ಜಿ. ಹೆಚ್ಚಿಗೆ ತೂಗಿದರೆ, ಕಳುವಾಯಿತು ಎಂದುಕೊಂಡ ಗ್ಯಾಸು ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಆಗ, ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಿ. ಉದ್ದದ ಮಾತು ಬೇಕಿಲ್ಲ. ‘ನೀನು ತೆಗೆದಿರಲಿಲ್ಲ ಕಣಪ್ಪ, ನನಗೆ ಗೊತ್ತಿರಲಿಲ್ಲ, ತಪ್ಪಾಯ್ತು’ ಎಂದರೆ ಸಾಕು. ಯಜಮಾನತಿ ತಪ್ಪೊಪ್ಪಿಕೊಂಡರೆ ಹುಡುಗರು ಸಲಿಗೆ ತೆಗೆದುಕೊಳ್ಳುತ್ತಾರೆ ಎಂದು ಯಾರಾದರೂ ಹೇಳಿಯಾರು. ನನ್ನ ಅನುಭವ ಬೇರೆ. ಹೊಸ ಸಿಲಿಂಡರು ಬಂದಾಗಲೂ ತೂಗಿಸಿ. ಖಾಲಿ ತೂಕಕ್ಕೆ 19 ಕೆ.ಜಿ. ಸೇರಿಸಿದಷ್ಟು ಇರಬೇಕು. ಒಂದು ವೇಳೆ ತೂಕದಲ್ಲಿ ಬೇರೆಯೇ ಲೆಕ್ಕ ಬಂದರೆ ಅದನ್ನೂ ನೋಡೋಣ, ಆಗ ನಿಮ್ಮ ಕೈಯಲ್ಲಿ ಸಂಶಯದ ಬದಲು ಲೆಕ್ಕ ಇರುತ್ತದೆ.

ಇನ್ನು ನಿಮ್ಮ ಯಜಮಾನರು. ಅವರಿಗೆ ಏನೂ ಹೇಳಿಲ್ಲ ಎಂದಿರಿ. ಮನೆ ಹೋಟೆಲಿನ ಹಿಂದೆಯೇ ಇದೆ ಎಂದೂ ಬರೆದಿರಿ. ಇಪ್ಪತ್ತೊಂದು ವರ್ಷ ಆ ಗ್ರೈಂಡರಿನ ಸದ್ದಿನ ಜೊತೆ ಬದುಕಿದ ಮನುಷ್ಯನಿಗೆ ಅದು ಗುಂಯ್ ಎಂದು ನಿಂತದ್ದು ಕೇಳಿಸಿರುವುದಿಲ್ಲವೇ? ಐದಕ್ಕೆ ಹಚ್ಚಿದ ಒಲೆಯ ಸದ್ದು ಐದೂವರೆಗೆ ಅಡಗಿದ್ದು, ಆಮೇಲೆ ನಿಮ್ಮ ದನಿ ಏರಿದ್ದು? ಅವರಿಗೆ ಎಲ್ಲ ಗೊತ್ತಿರುವ ಸಾಧ್ಯತೆಯೇ ಹೆಚ್ಚು. ಗೊತ್ತಿದ್ದೂ, ನೀವು ಹೇಳುತ್ತಿಲ್ಲವಲ್ಲ ಎಂದು ಅವರು ಸುಮ್ಮನಿದ್ದಾರೆ. ಅವರಿಗೆ ನೋವಾದೀತು ಎಂದು ನೀವು ಸುಮ್ಮನಿದ್ದೀರಿ. ಒಂದು ಗೋಡೆಯ ಆಚೆ ಈಚೆ ಇಬ್ಬರೂ ಒಬ್ಬೊಬ್ಬರೇ.

ಗಾಬರಿಯನ್ನು ಅವರ ಮುಂದೆ ಸುರಿಯಿರಿ ಎಂದು ನಾನು ಹೇಳುತ್ತಿಲ್ಲ. ಬಿ.ಪಿ.ಯ ಭಯ ಇದ್ದರೆ ಅವರ ಡಾಕ್ಟರನ್ನೇ ಒಮ್ಮೆ ಕೇಳಿ. ನಾನು ಹೇಳುವುದು, ಕೆಲಸದ ಪ್ರಶ್ನೆ ಕೇಳಿ ಎಂದು. ದಿನಕ್ಕೆ ಒಂದು. ಮಧ್ಯಾಹ್ನ ಊಟವಾಗಿ, ಅವರು ದಣಿಯದಿರುವ ಹೊತ್ತಿನಲ್ಲಿ. ‘ಚಳಿಗಾಲದಲ್ಲಿ ಹಿಟ್ಟು ಎಲ್ಲಿಡುತ್ತಿದ್ದಿರಿ?’ ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಕಾಯಿರಿ. ವಾಕ್ಯವನ್ನು ನೀವೇ ಮುಗಿಸಿಕೊಡಬೇಡಿ. ಮಾತು ಹೊರಡದಿದ್ದರೆ ಎಡಗೈಯಲ್ಲಿ ತೋರಿಸಲಿ. ಹಾಸಿಗೆ ಹಿಡಿದವರಿಗೆ ಔಷಧಿಯಷ್ಟೇ ಬೇಕಾದದ್ದು, ತಮ್ಮನ್ನು ಯಾರೋ ಏನೋ ಕೇಳುತ್ತಿದ್ದಾರೆ ಎನ್ನುವುದು.

ಅವರು ಏನೆನ್ನುತ್ತಾರೋ ನೋಡಿ. ಅಲ್ಲಿಯವರೆಗೆ ಆ ಮೆಕ್ಯಾನಿಕ್ ಮತ್ತು ಒಬ್ಬ ಹಳೆಯ ಅಡುಗೆ ಭಟ್ಟರಿಂದ ನಾನು ಕೇಳಿ ತಿಳಿದುಕೊಂಡದ್ದಿಷ್ಟು. ಹಿಟ್ಟು ಹುದುಗಲು 27–30 ಡಿಗ್ರಿ ಬೆಚ್ಚಗಿರಬೇಕು. ನಿಮ್ಮ ಊರಿನ ಡಿಸೆಂಬರ್ ರಾತ್ರಿಯಲ್ಲಿ ಎಂಟು ಗಂಟೆ ಸಾಲುವುದೇ ಇಲ್ಲ. ಸಂಜೆ ರುಬ್ಬುವುದನ್ನು ಮಧ್ಯಾಹ್ನಕ್ಕೆ ತಂದುಕೊಳ್ಳಿ, ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ಪಾತ್ರೆಗೆ ಗೋಣಿ ಸುತ್ತಿ. ಗ್ರೈಂಡರು ಗುಂಯ್ ಎಂದು ನಿಂತರೆ ತಕ್ಷಣ ಸ್ವಿಚ್ ಆರಿಸಿ, ಇಲ್ಲದಿದ್ದರೆ ಮೋಟರು ಸುಡುತ್ತದೆ. ಬಹುಮಟ್ಟಿಗೆ ಅದರ ಕೆಪಾಸಿಟರು ಸೊರಗಿರುತ್ತದೆ. ಬೇಸಿಗೆಯಲ್ಲಿ ಹೇಗೋ ತಳ್ಳಿಕೊಂಡು ಬಂದದ್ದು, ಗ್ರೀಸು ಗಟ್ಟಿಯಾಗಿ ವೋಲ್ಟೇಜೂ ಇಳಿದಾಗ ಕೈಕೊಡುತ್ತದೆ. ಸಣ್ಣ ಖರ್ಚಿನ ಭಾಗ ಅದು, ಬದಲಾಯಿಸಿ. ಫ್ರಿಜ್ಜಿನ ಕಥೆ ನನಗೇ ನಗು ತರಿಸಿತು. ಸಾಮಾನ್ಯವಾಗಿ ಫ್ರಿಜ್ಜುಗಳನ್ನು 16 ಡಿಗ್ರಿಗಿಂತ ಮೇಲಿನ ಕೋಣೆಗೆಂದು ಮಾಡಿರುತ್ತಾರೆ. ಜಗಲಿಯ ಚಳಿಗೆ ಕೆಳಗಿನ ಭಾಗ ತಾನಾಗಿಯೇ ತಣ್ಣಗಿರುವುದರಿಂದ, ಇನ್ನು ನನಗೇನು ಕೆಲಸ ಎಂದು ಕಂಪ್ರೆಸರು ಮಲಗಿಬಿಡುತ್ತದೆ, ಮೇಲಿನ ಫ್ರೀಜರು ಕರಗುತ್ತದೆ. ಫ್ರಿಜ್ಜನ್ನು ಒಳಗಿಡಿ. ಇನ್ನು ಪಾತ್ರೆ ತೊಳೆಯುವವರಿಗೆ ಬಿಸಿನೀರು ಕೊಡಿ. ಅವರ ಅಂಗೈ ಬಿರಿಯುವುದೂ ತಪ್ಪುತ್ತದೆ, ಮೋರಿಯಲ್ಲಿ ಡಾಲ್ಡಾ ಗಟ್ಟಿಯಾಗಿ ಕೂರುವುದೂ ತಪ್ಪುತ್ತದೆ.

ನನ್ನದೇ ಒಂದು ಸಲಹೆಯೂ ಇದೆ. ಮೊದಲ ಬಸ್ಸಿನವರಿಗೆ ಇಡ್ಲಿಯೇ ಯಾಕೆ? ಶಿವರಾತ್ರಿ ಕಳೆಯುವವರೆಗೆ ಬೆಳಗಿನ ಮೊದಲ ಗಂಟೆಗೆ ನೀರುದೋಸೆ ಹಾಕಿ. ಅದಕ್ಕೆ ಹಿಟ್ಟು ಹುದುಗಬೇಕಿಲ್ಲ, ಹಬೆಯ ದೊಡ್ಡ ಒಲೆ ಬೇಕಿಲ್ಲ. ನಿಮ್ಮ ಸೀಮೆಗೆ ಅದು ಹೊಸತೂ ಅಲ್ಲ, ಘಾಟಿ ಹತ್ತಿ ಬಂದವರು ಬಿಸಿ ನೀರುದೋಸೆ ಹುಡುಕಿಕೊಂಡು ಹೋಗುವುದನ್ನು ನಾನೇ ನೋಡಿದ್ದೇನೆ. ಚಳಿಯ ಜೊತೆ ದಿನಾ ಕುಸ್ತಿಗೆ ಬೀಳುವ ಬದಲು ಅದಕ್ಕೆ ಒಂದು ಗಂಟೆ ಬಿಟ್ಟುಕೊಡಿ.

ಮೈದುನನ ಬಗ್ಗೆ ಹೆಚ್ಚು ಬರೆಯಲಾರೆ. ಅವರು ಕೆಟ್ಟದ್ದನ್ನು ಬಯಸಿ ಹೇಳಿದರು ಎಂದುಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ, ಅಣ್ಣನ ಸ್ಥಿತಿ ಅವರಿಗೂ ನೋವಿನದೇ. ಹೋಟೆಲು ಬಾಡಿಗೆಗೆ ಕೊಡುವುದು ತಪ್ಪೇನಲ್ಲ, ಆದರೆ ಆ ತೀರ್ಮಾನವನ್ನು ಜನವರಿಯ ಬೆಳಗಿನ ಜಾವ ನಿದ್ದೆಗೆಟ್ಟ ಕಣ್ಣಲ್ಲಿ ಮಾಡಬೇಡಿ. ‘ಬೇಸಿಗೆಗೆ ಕೂತು ಮಾತಾಡೋಣ, ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ನೀನು ಬಂದು ಗಲ್ಲಾ ನೋಡಿಕೋ’ ಎನ್ನಿ. ವಾರಕ್ಕೊಂದು ದಿನ ನೀವು ಆರರವರೆಗೆ ಮಲಗಬಹುದು.

ನಿದ್ದೆಯ ಮಾತು ಉಳಿಯಿತು. ರಾತ್ರಿ ಒಮ್ಮೆ ರೆಗ್ಯುಲೇಟರು ನೋಡುವುದು ಜಾಗ್ರತೆ. ಮೂರನೇ ಸಲ ನೋಡುವುದು ರೆಗ್ಯುಲೇಟರಿಗಾಗಿ ಅಲ್ಲ, ಎದೆಯ ಡವಡವಕ್ಕಾಗಿ. ಅದು ನೋಡಿದಷ್ಟೂ ಇನ್ನೊಮ್ಮೆ ನೋಡು ಎನ್ನುತ್ತದೆ. ಬೀಗ ಹಾಕುವ ಮೊದಲು, ಆ ಹುಡುಗನೋ ಭಟ್ಟರೋ ಜೊತೆಗಿರುವಾಗ, ಒಂದು ಸುತ್ತು ಹಾಕಿ. ಸಿಲಿಂಡರಿನ ವಾಲ್ವು, ಒಲೆಯ ತಿರುಪು, ಗ್ರೈಂಡರಿನ ಸ್ವಿಚ್ಚು, ಹಂಡೆ ಒಲೆಯ ಕೆಂಡಕ್ಕೆ ನೀರು. ಒಂದೊಂದಕ್ಕೂ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೆರೆ. ಎರಡಕ್ಕೆ ಎಚ್ಚರವಾದರೆ ಆ ಗೆರೆಗಳನ್ನು ನೆನಪಿಸಿಕೊಳ್ಳಿ, ಟಾರ್ಚು ತೆಗೆಯಬೇಡಿ. ಮೊದಮೊದಲು ಬಹಳ ಕಷ್ಟವಾಗುತ್ತದೆ. ಗ್ಯಾಸಿನ ವಾಸನೆ ಬಂದರೆ ಮಾತು ಬೇರೆ, ಆಗ ಏಳಲೇಬೇಕು.

ಹೀಗೆ ಮಾಡಿಯೂ ಎರಡು ವಾರದಲ್ಲಿ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನ್ನಿಸುವ ಗಳಿಗೆ ಒಂದು ಬಂದರೂ, ಅದನ್ನು ಅಂಕಣಕ್ಕೆ ಬರೆದು ಕಾಯಬೇಡಿ. 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಎಂದು ಅದರ ಹೆಸರು. ಸರ್ಕಾರದ್ದು, 2022ರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವಿಭಾಗ ಇರುತ್ತದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ಯಜಮಾನರನ್ನು ತೋರಿಸಲು ಹೋದಾಗ ನಿಮ್ಮ ಹೆಸರಲ್ಲೂ ಒಂದು ಚೀಟಿ ಮಾಡಿಸಿ. ರೋಗಿಯನ್ನು ನೋಡಿಕೊಳ್ಳುವವರನ್ನು ಯಾರೂ ನೋಡಿಕೊಳ್ಳುವುದಿಲ್ಲ ಎಂಬುದು ಈ ಅಂಕಣಕ್ಕೆ ಬರುವ ಎಷ್ಟೋ ಪತ್ರಗಳಲ್ಲಿ ನಾನು ಕಂಡದ್ದು.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ನಿನ್ನೆ ಸಂಜೆ ನಿಮ್ಮ ಫೋನು ಬಂತು. ಹೇಳಬಹುದು ಎಂದು ಒಪ್ಪಿದ್ದರಿಂದ ಬರೆಯುತ್ತಿದ್ದೇನೆ. ತಕ್ಕಡಿಗೆ ಏರಿಸಿದ ಸಿಲಿಂಡರಿನಲ್ಲಿ ಎರಡು ಕೆ.ಜಿ. ಮುನ್ನೂರು ಗ್ರಾಂ ಗ್ಯಾಸು ಇತ್ತಂತೆ. ಹುಡುಗ ಏನೂ ಮಾತಾಡಲಿಲ್ಲವಂತೆ, ಸಿಲಿಂಡರು ಇಳಿಸಿ ಹೊರಗೆ ಹೋಗಿ ಬೀಡಿ ಸೇದಿ ಬಂದನಂತೆ. ಗ್ರೈಂಡರು ಇನ್ನೂ ಗುಂಯ್ ಎನ್ನುತ್ತಲೇ ಇದೆ. ಹಿಟ್ಟಿನ ಪ್ರಶ್ನೆ ಕೇಳಿದಾಗ ಯಜಮಾನರು ಬಹಳ ಹೊತ್ತು ತಡವರಿಸಿ, ಎಡಗೈ ಎತ್ತಿ ಅಟ್ಟ ತೋರಿಸಿ, ‘ಹುಲ್ಲು’ ಎಂದರಂತೆ. ಹತ್ತಿ ನೋಡಿದರೆ ಒಂದು ಹಳೆಯ ಮರದ ಪೆಟ್ಟಿಗೆ, ಹಿಟ್ಟಿನ ಎರಡು ಪಾತ್ರೆ ಸರಿಯಾಗಿ ಕೂರುವಷ್ಟು ದೊಡ್ಡದು. ಒಳಗಿನ ಭತ್ತದ ಹುಲ್ಲನ್ನು ಇಲಿ ಕಡಿದು ಪುಡಿ ಮಾಡಿತ್ತು. ಹೊಸ ಹುಲ್ಲು ತರಲು ಆ ಹುಡುಗನೇ ಗದ್ದೆಯ ಕಡೆ ಹೋಗಿದ್ದಾನೆ, ಇನ್ನೂ ಬಂದಿಲ್ಲ ಎಂದಿರಿ.